‘ಮಿನ್ನೆನ್’ ಎಂಬ ಶಬ್ದದ ಪೂರ್ವವೃತ್ತಾಂತ

‘ಪ್ರೀತಿಸು’ ಎಂಬದಕ್ಕೆ ಜರ್ಮನರು ಈಗ ‘ಲೀಬೆನ್’ ಎನ್ನುವರು. ಆದರೆ 12, 13ನೆಯ ಶತಮಾನಗಳ ಅವರ ಕವಿಗಳಿಗೆ ಪ್ರಿಯವಾಗಿದ್ದ ಕ್ರಿಯಾಪದವು ‘ಮಿನ್ನೆನ್’ ಎಂಬದು. ಅದರ ನಾಮರೂಪವು ‘ಮಿನ್ನೆ’. ವಾಲ್ಟರ್ ಫೊನ್ ಡೆರ್ ಫೋಗೆಲ್‌ವೈಡೆ ಮೊದಲಾದವರು ರಾಜಸಭೆಗಳಲ್ಲಿ ಹಾಡಿದ ಪ್ರೇಮಗೀತಗಳಿಗೆ ‘ಮಿನ್ನೆಸಾಂಗ್’ ಎಂಬ ಹೆಸರು ಇದರಿಂದಲೇ ಬಂದಿತು. ಈ ಶಬ್ದದ ಮೂಲವನ್ನು ಹುಡುಕುತ್ತ ಹೋದರೆ ನಾವು ಕೊನೆಗೆ ಕಾಣುವದು ಪ್ರೀತಿಯನ್ನಲ್ಲ, ನೆನಪನ್ನು.

9ನೆಯ ಶತಮಾನದಲ್ಲಿ ಜರ್ಮನ್ ಭಾಷೆಗೆ ಪರಿವರ್ತಿತವಾದ ಸುವಾರ್ತೆಗಳಲ್ಲಿ ಇದರ ಹಳೆಯ ರೂಪವಾದ ‘ಮಿನ್ನೋನ್’ ದೊರೆಯುವದು. ಅಲ್ಲಿ ಆಗಲೇ ಪ್ರೀತಿಯ ಅರ್ಥವುಂಟು. ಅದಕ್ಕೂ ಹಿಂದೆ, 4ನೆಯ ಶತಮಾನದ ಗಾಥಿಕ್ ಸತ್ಯವೇದದಲ್ಲಿ ಇದರ ಬಂಧುವಾದ ‘ಗಮಿಂಥಿ’ ಎಂಬದಕ್ಕೆ ‘ಸ್ಮರಣೆ’ ಎಂದೇ ಅರ್ಥ. ಇವೆಲ್ಲವುಗಳ ಮೂಲಧಾತುವೂ ಸಂಸ್ಕೃತದ ‘ಮನ್’ ಧಾತುವೂ ಒಂದೇ. ನಾವು ದಿನವೂ ಆಡುವ ‘ಮನಸ್ಸು’, ಲ್ಯಾಟಿನಿನ ‘ಮೆನ್ಸ್’, ಇಂಗ್ಲಿಷಿನ ‘ಮೈಂಡ್’, ಇವೂ ಅದೇ ಕುಲದವು. ಧ್ವನಿಸಾಮ್ಯವನ್ನು ನೋಡಿ ನಮ್ಮ ‘ಮಿನುಗು’ ಎಂಬದನ್ನೂ ಈ ಕುಲಕ್ಕೆ ಸೇರಿಸುವವರು ಮೋಸಹೋಗುವರು. ಅದು ದ್ರಾವಿಡ ಶಬ್ದ.

ನೆನಪು ಪ್ರೀತಿಯಾದದ್ದು ಹೇಗೆ? ದೂರದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಳ್ಳುವದು ಅವರಲ್ಲಿ ಮಮತೆಯಿಡುವದಲ್ಲದೆ ಮತ್ತೇನು? ಸಂಸ್ಕೃತದಲ್ಲಿಯೂ ‘ಸ್ಮೃ’ ಎಂದರೆ ನೆನೆ, ‘ಸ್ಮರ’ನೆಂದರೆ ಮನ್ಮಥನೇ. ಜರ್ಮನಿಯಲ್ಲಿ ಪ್ರಯಾಣಕ್ಕೆ ಹೊರಡುವವರು ಸಂತ ಯೋಹಾನನ ‘ಮಿನ್ನೆ’ ಎಂದು ಒಂದು ಪಾತ್ರೆ ದ್ರಾಕ್ಷಾರಸವನ್ನು ಕುಡಿಯುವ ಪದ್ಧತಿಯಿತ್ತು. ಅಲ್ಲಿ ಪ್ರೀತಿಯೂ ಸ್ಮರಣೆಯೂ ಒಂದೇ ಪಾತ್ರೆಯಲ್ಲಿದ್ದವೆಂದು ನಮಗೆ ತೋರುವದು.

ಇಂಥ ಕುಲೀನ ಶಬ್ದಕ್ಕೆ ಬಂದ ಗತಿಯು ಶೋಚನೀಯವಾದದ್ದು. ದೇವರ ಪ್ರೀತಿಗೂ ಸಲ್ಲುತ್ತಿದ್ದ ಅದು ಕ್ರಮೇಣ ದೇಹದ ಕಾಮವನ್ನೇ ಸೂಚಿಸತೊಡಗಿ, 1500ರ ಸುಮಾರಿಗೆ ಸಭ್ಯರು ಉಚ್ಚರಿಸಬಾರದ ಮಾತಾಯಿತು. 1522ರಲ್ಲಿ ಪ್ರಕಟವಾದ ಲೂಥರನ ಹೊಸ ಒಡಂಬಡಿಕೆಯಲ್ಲಿ ಪ್ರೀತಿಗೆ ‘ಲೀಬೆನ್’ ಎಂಬದೇ ನಿಂತಿತು. 18ನೆಯ ಶತಮಾನದಲ್ಲಿ ಹಳೆಯ ಕಾವ್ಯಗಳನ್ನು ಮೆಚ್ಚಿದ ಪಂಡಿತರೂ ಕವಿಗಳೂ ‘ಮಿನ್ನೆ’ಯನ್ನು ಮತ್ತೆ ಎತ್ತಿ ನಿಲ್ಲಿಸಿದರೂ ಅದು ಮನೆಮಾತಾಗಿ ತಿರುಗಿ ಬರಲಿಲ್ಲ.

ಆದರೆ ಉತ್ತರದ ಸ್ವೀಡನ್ ದೇಶದಲ್ಲಿ ಅದರ ಸೋದರಶಬ್ದವಾದ ‘ಮಿನ್ನೆ’ಯು ಇಂದಿಗೂ ನೆನಪೆಂಬ ಹಳೆಯ ಅರ್ಥದಲ್ಲಿಯೇ ಬಾಳುತ್ತಿದೆ. ಹಳೆಯ ವಿದ್ಯಾರ್ಥಿನಿಯರ ಕೈಯಲ್ಲಿರುವ ಇಂಥ ಸ್ಮರಣಸಂಚಿಕೆಗೆ ಅಲ್ಲಿಯವರು ‘ಮಿನ್ನೆಸ್‌ಸ್ಕ್ರಿಫ್ಟ್’ ಎನ್ನುವರು.