ಅರ್ಧ ಇಂಚಿನ ನಲ್ಲಿಯಲ್ಲಿ ಅರ್ಧ ಇಂಚು ಎಲ್ಲಿದೆ?

ಮನೆಯಲ್ಲಿ ಏನಾದರೂ ಕೆಟ್ಟರೆ ಎಲ್ಲರೂ ಮೊದಲು ಹುಡುಕುವುದು ಸ್ಕ್ರೂಡ್ರೈವರನ್ನು. ಅದು ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ ಎಂದು ಮನೆಯ ಯಜಮಾನ ನಂಬಿರುತ್ತಾನೆ. ನಿಜವಾದ ಪರೀಕ್ಷೆ ಶುರುವಾಗುವುದು ಆಮೇಲೆ, ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಾಗ. ‘ನಲ್ಲಿಯೊಳಗೆ ಇರುತ್ತಲ್ಲ, ರೌಂಡಾಗಿ, ಅದು ಕೊಡಿ’ ಎನ್ನುತ್ತಾನೆ ಗಿರಾಕಿ. ‘ಯಾವ ಸೈಜು?’ ಎಂದು ಅಂಗಡಿಯವ ಕೇಳುತ್ತಾನೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆ ಹೀಗೆ ಬೆಂಗಳೂರಿನ ದಕ್ಷಿಣ ಭಾಗದ ಯಾವ ಬೀದಿಯಲ್ಲಾದರೂ ಭಾನುವಾರ ಬೆಳಿಗ್ಗೆ ಈ ಸಂಭಾಷಣೆ ಕಿವಿಗೆ ಬಿದ್ದೀತು. ಮೂರು ಸಲ ಅಂಗಡಿಗೆ ಓಡಾಡಿ ಸೋತು, ಕೊನೆಗೆ ಹೊಸ ನಲ್ಲಿಯನ್ನೇ ಕೊಂಡು ತರುವವರೂ ಉಂಟು.

ಸ್ವಂತ ರಿಪೇರಿಯಲ್ಲಿ ಕೈಚಳಕಕ್ಕಿಂತ ಮುಖ್ಯವಾದುದು ಬಿಡಿಭಾಗದ ಹೆಸರು ಮತ್ತು ಅಳತೆ. ಇವೆರಡು ಗೊತ್ತಿದ್ದರೆ ಕೆಲವೇ ರೂಪಾಯಿಯಲ್ಲಿ ಮುಗಿಯುವ ಕೆಲಸ, ಗೊತ್ತಿಲ್ಲದಿದ್ದರೆ ಇಡೀ ಯಂತ್ರವನ್ನೇ ಗುಜರಿಗೆ ಕಳಿಸುತ್ತದೆ.

ಎಲ್ಲೂ ಇಲ್ಲದ ಅರ್ಧ ಇಂಚು

ಅಡುಗೆಮನೆಯ ನಲ್ಲಿಯನ್ನು ಎಲ್ಲರೂ ‘ಅರ್ಧ ಇಂಚಿನದು’ ಎನ್ನುತ್ತಾರೆ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಮಕ್ಕಳು ಸ್ಕೇಲು ಹಿಡಿದು ಆ ನಲ್ಲಿಯ ತಿರುಪಿನ ಹೊರ ಅಗಲ ಅಳೆಯಲಿ. ಸುಮಾರು 21 ಮಿ.ಮೀ. ಬರುತ್ತದೆ! ಅದು ಸೇರುವ ಕಬ್ಬಿಣದ ಕೊಳವೆಯ ಒಳರಂಧ್ರ ನೋಡಿದರೆ ಸುಮಾರು 16 ಮಿ.ಮೀ. ಹಾಗಾದರೆ ಅರ್ಧ ಇಂಚು ಎಲ್ಲಿ ಹೋಯಿತು?

ಉತ್ತರ ಇತಿಹಾಸದಲ್ಲಿದೆ. ಹಿಂದಿನ ಕಾಲದ ಕಬ್ಬಿಣದ ಕೊಳವೆಗಳ ಗೋಡೆ ದಪ್ಪವಾಗಿದ್ದು, ಒಳರಂಧ್ರ ಹೆಚ್ಚುಕಡಿಮೆ ಅರ್ಧ ಇಂಚೇ ಇತ್ತು. ಮುಂದೆ ಒಳ್ಳೆಯ ಲೋಹ ಬಂದು ಗೋಡೆ ತೆಳ್ಳಗಾಯಿತು. ಆದರೆ ಹಳೆಯ ನಲ್ಲಿಗಳು ಹೊಸ ಕೊಳವೆಗೆ ಹೊಂದಬೇಕಲ್ಲ? ಅದಕ್ಕಾಗಿ ಹೊರ ಅಳತೆಯನ್ನು ಹಾಗೆಯೇ ಉಳಿಸಿಕೊಂಡರು, ಒಳರಂಧ್ರ ದೊಡ್ಡದಾಯಿತು. ಅಳತೆ ಬದಲಾದರೂ ಹೆಸರು ಮಾತ್ರ ಉಳಿಯಿತು.

ತಿರುಪಿನ ಸುತ್ತುಗಳದೂ ಇಂಥದೇ ಕಥೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಒಬ್ಬೊಬ್ಬ ಕಮ್ಮಾರನ ಬೋಲ್ಟು ಒಂದೊಂದು ತರಹ. ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಅನೇಕ ಕಾರ್ಖಾನೆಗಳ ಬೋಲ್ಟುಗಳನ್ನು ಕಲೆಹಾಕಿ, ಹೋಲಿಸಿ ನೋಡಿ, 1841ರಲ್ಲಿ ಏಕರೂಪದ ಅಳತೆಯೊಂದನ್ನು ಸೂಚಿಸಿದ. ಹಲ್ಲಿನ ಕೋನ 55 ಡಿಗ್ರಿ. ಭಾರತ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡರೂ, ನಮ್ಮ ಅರ್ಧ ಇಂಚಿನ ನಲ್ಲಿಯ ಮೇಲೆ ಇಂದಿಗೂ ಇಂಚಿಗೆ 14 ಸುತ್ತು, 55 ಡಿಗ್ರಿ ಕೋನವೇ ಇದೆ. ಇದರಿಂದ ಲಾಭವೂ ಉಂಟು: ಯಾವ ಕಂಪನಿಯ ಅರ್ಧ ಇಂಚಿನ ನಲ್ಲಿಯಾದರೂ ಅರ್ಧ ಇಂಚಿನ ಕಬ್ಬಿಣದ ಸಾಕೆಟ್ಟಿಗೆ ಕೂರುತ್ತದೆ.

ಪ್ಲಾಸ್ಟಿಕ್ ಕೊಳವೆಗೆ ಬಂದಾಗ ಮಾತ್ರ ಎಚ್ಚರ ಬೇಕು. ತಣ್ಣೀರಿಗೆ ಬಳಸುವ ಅರ್ಧ ಇಂಚಿನ ಯುಪಿವಿಸಿ ಕೊಳವೆಯ ಹೊರ ಅಗಲ ಸುಮಾರು 21 ಮಿ.ಮೀ.; ಬಿಸಿನೀರಿಗೆ ಬಳಸುವ ಅರ್ಧ ಇಂಚಿನ ಸಿಪಿವಿಸಿ ಕೊಳವೆಯದು ಸುಮಾರು 16 ಮಿ.ಮೀ. ಎರಡಕ್ಕೂ ಹೆಸರು ಅರ್ಧ ಇಂಚೇ! ‘ಅರ್ಧ ಇಂಚಿನ ಎಲ್ಬೋ’ ಎಂದಷ್ಟೇ ಕೇಳಿ ತಂದವರು ಮತ್ತೆ ಅಂಗಡಿಯ ದಾರಿ ಹಿಡಿಯುವುದು ಇದಕ್ಕಾಗಿಯೇ. ಕತ್ತರಿಸಿದ ಕೊಳವೆಯ ಒಂದು ತುಂಡನ್ನು ಕೈಯಲ್ಲಿ ಹಿಡಿದು ಹೋದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವವರು ಒಂದು ಲೆಕ್ಕ ನೋಡಲಿ. ಸೆಕೆಂಡಿಗೆ ಒಂದು ಹನಿ ಸೋರುವ ನಲ್ಲಿಯಿಂದ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದರೂ ದಿನಕ್ಕೆ 4 ಲೀಟರಿಗೆ ಮೇಲೆ, ವರ್ಷಕ್ಕೆ ಒಂದೂವರೆ ಸಾವಿರ ಲೀಟರು. ಕಾವೇರಿಯ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ. ಒಂದು ರಬ್ಬರ್ ವಾಷರು ಅದನ್ನು ಕಾಯುತ್ತದೆ.

ತೂಗುವ ತೊಟ್ಟಿಲು, ತಿರುಗುವ ಫ್ಯಾನು

ಬೇಸಿಗೆ ಬಂತೆಂದರೆ ಫ್ಯಾನು ನಿಧಾನವಾಯಿತೆಂಬ ದೂರು. ರೆಗ್ಯುಲೇಟರ್ ಐದರಲ್ಲಿದ್ದರೂ ಗಾಳಿ ಮಾತ್ರ ಎರಡರದ್ದು! ಬಹಳಷ್ಟು ಸಲ ಇದರ ಕಾರಣ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಕೆಪಾಸಿಟರ್.

ಮನೆಗೆ ಬರುವ ಸಿಂಗಲ್ ಫೇಸ್ ವಿದ್ಯುತ್ತಿನಿಂದ ಮೋಟಾರಿನಲ್ಲಿ ಹುಟ್ಟುವ ಕಾಂತಕ್ಷೇತ್ರ ತೊಟ್ಟಿಲಿನಂತೆ ಅತ್ತಿಂದಿತ್ತ ತೂಗುತ್ತದೆಯೇ ಹೊರತು ಬುಗುರಿಯಂತೆ ಸುತ್ತುವುದಿಲ್ಲ. ಆದ್ದರಿಂದ ಫ್ಯಾನಿನಲ್ಲಿ ಎರಡು ಸುರುಳಿಗಳಿರುತ್ತವೆ. ಒಂದರ ದಾರಿಯಲ್ಲಿ ಕೆಪಾಸಿಟರ್ ಇಟ್ಟರೆ ಅದರ ವಿದ್ಯುತ್ತು ಇನ್ನೊಂದಕ್ಕಿಂತ ತುಸು ಮೊದಲೇ ಏರಿಳಿಯುತ್ತದೆ. ಹೀಗೆ ಹಿಂದುಮುಂದಾಗಿ ಬರುವ ಎರಡು ತೂಗಾಟ ಕೂಡಿ ಸುತ್ತಾಟವಾಗುತ್ತದೆ. ಕೆಪಾಸಿಟರಿನ ಒಳಗಿರುವುದು ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆ. ಹಾಳೆಯಲ್ಲಿ ಎಲ್ಲಾದರೂ ದುರ್ಬಲ ಜಾಗವಿದ್ದರೆ ಕಿಡಿ ಹಾರಿ, ಸುತ್ತಲಿನ ಲೋಹ ಆವಿಯಾಗಿ, ಗಾಯ ತಾನೇ ಮಾಯುತ್ತದೆ. ಆದರೆ ಪ್ರತಿ ಸಲವೂ ಒಂದಿಷ್ಟು ಲೋಹ ನಷ್ಟ. ವರ್ಷಗಳು ಕಳೆದಂತೆ ಸಾಮರ್ಥ್ಯ ಇಳಿಯುತ್ತದೆ, ಫ್ಯಾನು ಸೊರಗುತ್ತದೆ.

ಹೊಸದನ್ನು ಕೊಳ್ಳುವಾಗ ಹಳೆಯದರ ಮೈಮೇಲಿನ ಬರಹ ಓದಬೇಕು: ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದಿರುತ್ತದೆ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಬಹುದು. ‘ದೊಡ್ಡದು ಹಾಕಿದರೆ ಜೋರಾಗಿ ತಿರುಗುತ್ತದೆ’ ಎಂಬ ಸಲಹೆ ಕೇಳಿದರೆ ಸುರುಳಿ ಕಾದು ಸುಟ್ಟೀತು.

ಫ್ಯಾನು ಗರಗರ ಎಂದರೆ ಅದು ಬೇರಿಂಗಿನ ಕೂಗು. ಬೇರಿಂಗಿನ ಅಂಚಿನಲ್ಲಿ 6202 ಎಂಬಂಥ ಸಂಖ್ಯೆ ಇರುತ್ತದೆ. 6202 ಎಂದರೆ ಒಳ ಅಗಲ 15, ಹೊರ ಅಗಲ 35, ದಪ್ಪ 11 ಮಿ.ಮೀ. ಯಾವ ದೇಶದಲ್ಲಿ, ಯಾವ ಕಂಪನಿ ತಯಾರಿಸಿದರೂ ಅಳತೆ ಇದೇ. ಭಾಷೆ ಬಾರದ ಊರಿನಲ್ಲೂ ಆ ನಾಲ್ಕು ಅಂಕಿ ತೋರಿಸಿದರೆ ಸಾಕು.

ಅಡುಗೆಮನೆಯ ಭೌತಶಾಸ್ತ್ರ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುಕ್ಕರಿನೊಳಗೆ ಒತ್ತಡ ಏರಿ ಅದು 120 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಬೇಳೆ ಬೇಗ ಬೇಯುತ್ತದೆ. ಆ ಒತ್ತಡವನ್ನು ಹಿಡಿದಿಡುವುದು ಗ್ಯಾಸ್ಕೆಟ್. ‘ಐದು ಲೀಟರಿನದು ಕೊಡಿ’ ಎಂದರೆ ಸಾಲದು. ಒಂದೇ ಲೀಟರಿನ ಕುಕ್ಕರ್ ಕಂಪನಿಯಿಂದ ಕಂಪನಿಗೆ, ಒಳಮುಚ್ಚಳ ಹೊರಮುಚ್ಚಳವೆಂದು ಬೇರೆಯಾಗುತ್ತದೆ. ಮುಚ್ಚಳದೊಂದಿಗೇ ಅಂಗಡಿಗೆ ಹೋಗುವ ಗೃಹಿಣಿ ಜಾಣೆ. ಸೇಫ್ಟಿ ವಾಲ್ವಿನಲ್ಲಿರುವುದು ಬಿಸಿ ಮಿತಿಮೀರಿದರೆ ಕರಗುವ ಮಿಶ್ರಲೋಹ. ಅದು ಹೋದಾಗ ಅದೇ ಕಂಪನಿಯ ಅಸಲಿ ವಾಲ್ವನ್ನೇ ಹಾಕಬೇಕು. ಬೇರೇನನ್ನೋ ಹಾಕಿ ತೂತು ಮುಚ್ಚಿದರೆ ಕುಕ್ಕರ್ ಬಾಂಬಾಗುತ್ತದೆ. ದೇಶದಲ್ಲಿ 2021ರ ಫೆಬ್ರವರಿಯಿಂದ ಮನೆಬಳಕೆಯ ಕುಕ್ಕರಿಗೆ ಐಎಸ್ಐ ಮುದ್ರೆ ಕಡ್ಡಾಯವಾಗಿದೆ.

ಮಿಕ್ಸಿಯ ಜಾರು ಕೂರುವ ಹಲ್ಲಿನ ಗಾಲಿ, ಅಂದರೆ ಕಪ್ಲರ್, ಆಗಾಗ ಸವೆಯುತ್ತದೆ. ಗಟ್ಟಿ ಕೊಬ್ಬರಿ ಸಿಕ್ಕಿಕೊಂಡಾಗ ಮೆದುವಾದ ಕಪ್ಲರ್ ತಾನು ಸವೆದು ಮೋಟಾರನ್ನು ಉಳಿಸುತ್ತದೆ. ಅದನ್ನು ಬಿಚ್ಚುವಲ್ಲಿಯೇ ಹಲವರು ಎಡವುವುದು. ತಿರುಗುತ್ತ ತಿರುಗುತ್ತ ಬಿಗಿಯಾಗುವಂತೆ ಅದರ ತಿರುಪು ಇರುವುದರಿಂದ, ಮೋಟಾರು ಸುತ್ತುವ ದಿಕ್ಕಿಗೇ ಕಪ್ಲರನ್ನು ತಿರುಗಿಸಿದರೆ ಬಿಚ್ಚುತ್ತದೆ. ಪ್ಲಗ್ಗು ಕಿತ್ತ ಮೇಲೆಯೇ ಕೈ ಹಾಕಬೇಕೆಂಬುದನ್ನು ಹೇಳಬೇಕಿಲ್ಲ.

ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಷವರಿನ ತೂತುಗಳು ಬಿಳಿಯ ಪದರದಿಂದ ಮುಚ್ಚಿಹೋಗುತ್ತವೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರಿನಲ್ಲಿ ರಾತ್ರಿ ನೆನೆಸಿಟ್ಟರೆ ಗುಳ್ಳೆ ಬಿಟ್ಟು ಕರಗುತ್ತದೆ. ಇಲ್ಲಿ ಬಿಡಿಭಾಗವೇ ಬೇಡ, ಹತ್ತನೆಯ ತರಗತಿಯ ರಸಾಯನಶಾಸ್ತ್ರ ಸಾಕು.

ಅಳತೆ ಬಚ್ಚಿಟ್ಟ ಭಾಗಗಳು

ಬಡಾವಣೆಯಲ್ಲಿ ಸಿಗದ ವಿದ್ಯುನ್ಮಾನ ಭಾಗಗಳಿಗೆ ಬೆಂಗಳೂರಿಗರ ಕೊನೆಯ ಆಸರೆ ಪೇಟೆಯ ಎಸ್.ಪಿ. ರಸ್ತೆ. ಜಯನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿಳಿದು ನಡೆದರೆ ಆಯಿತು. ಅಲ್ಲಿನ ಇಕ್ಕಟ್ಟಾದ ಅಂಗಡಿಗಳಲ್ಲಿ ಸಂಖ್ಯೆ ಹೇಳಿದವರಿಗೆ ಸಾಮಾನು ಬೇಗ ಸಿಗುತ್ತದೆ.

ಆದರೆ ಈಚೆಗೆ ಅಲ್ಲಿಯೂ ಸಿಗದ ಭಾಗಗಳು ಹೆಚ್ಚುತ್ತಿವೆ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ವಿದ್ಯುತ್ತು ನುಂಗಿದರೆ, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ದೊಡ್ಡ ಉಳಿತಾಯವೇ ಸರಿ. ಆದರೆ ಅದರೊಳಗಿನ ಸರ್ಕ್ಯೂಟ್ ಬೋರ್ಡು ಕಂಪನಿಗೊಂದು, ಮಾದರಿಗೊಂದು. ಅದು ಸುಟ್ಟರೆ ಆ ಕಂಪನಿಯ ಬಾಗಿಲನ್ನೇ ತಟ್ಟಬೇಕು. ಕಾಲು ಸುತ್ತಿಗೆ ತೆರೆಯುವ ನವೀನ ನಲ್ಲಿಯೊಳಗಿನ ಕಾರ್ಟ್ರಿಜ್ಜಿನ ಹಲ್ಲಿನ ಸಂಖ್ಯೆಯೂ ಕಂಪನಿಗೊಂದು. ವಿಟ್‌ವರ್ತ್ ಬಿಡಿಸಿದ್ದ ಗಂಟನ್ನು ಮತ್ತೆ ಹಾಕಿದಂತಾಯಿತು!

ಈ ಗಂಟು ಬಿಡಿಸುವ ಯತ್ನಗಳೂ ನಡೆದಿವೆ. ಯುರೋಪಿನಲ್ಲಿ 2021ರಿಂದ, ಬಟ್ಟೆ ಒಗೆಯುವ ಯಂತ್ರದ ಒಂದು ಮಾದರಿಯ ಮಾರಾಟ ನಿಂತ ಮೇಲೂ ಅದರ ಮುಖ್ಯ ಬಿಡಿಭಾಗಗಳನ್ನು ಕನಿಷ್ಠ 10 ವರ್ಷ ಒದಗಿಸಬೇಕೆಂಬ ನಿಯಮವಿದೆ. ಭಾರತ ಸರ್ಕಾರ ‘ರಿಪೇರಿಯ ಹಕ್ಕು’ ಕುರಿತು 2022ರ ಜುಲೈನಲ್ಲಿ ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರ್ 24ರ ಗ್ರಾಹಕರ ದಿನದಂದು ಅದಕ್ಕಾಗಿ ಜಾಲತಾಣವೊಂದನ್ನು ತೆರೆಯಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ 2009ರಲ್ಲಿ ಆರಂಭಿಸಿದ ‘ರಿಪೇರಿ ಕೆಫೆ’, ಅಂದರೆ ನೆರೆಹೊರೆಯವರು ಒಟ್ಟಾಗಿ ಕೂತು ಕೆಟ್ಟದ್ದನ್ನು ಸರಿಪಡಿಸುವ ಕೂಟ, 2015ರಲ್ಲಿ ಬೆಂಗಳೂರಿಗೂ ಬಂತು. ಗ್ರಾಹಕರ ಕೈಯಲ್ಲೂ ಒಂದು ಅಸ್ತ್ರವಿದೆ: ಕೊಳ್ಳುವ ಮುನ್ನ ‘ಇದರ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ?’ ಎಂದು ಕೇಳುವುದು.

ಮುಟ್ಟಬಾರದ್ದು

ಮೈಕ್ರೋವೇವ್ ಒಲೆಯ ಕೆಪಾಸಿಟರ್ ಪ್ಲಗ್ಗು ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಲ್ಲದು. ಅದನ್ನು ಮನೆಯಲ್ಲಿ ಬಿಚ್ಚಲೇಬಾರದು. ಅಡುಗೆ ಅನಿಲದ ರೆಗ್ಯುಲೇಟರ್, ಗೀಸರಿನ ಒಳಭಾಗ, ಗೋಡೆಯೊಳಗಿನ ವೈರಿಂಗ್ ಇವು ತರಬೇತಿ ಪಡೆದವರ ಕೆಲಸ. ಫ್ಯಾನಿನ ಕೆಪಾಸಿಟರ್ ಬದಲಿಸುವುದೂ ಹಿರಿಯರ ಕೆಲಸವೇ, ಅದೂ ಮೇನ್ ಸ್ವಿಚ್ ಆರಿಸಿದ ಮೇಲೆ. ಗೋಡೆಯ ಸ್ವಿಚ್ಚೊಂದನ್ನೇ ನಂಬುವಂತಿಲ್ಲ.

ಉಳಿದದ್ದರಲ್ಲಿ ಮಕ್ಕಳಿಗೂ ಪಾಲಿರಲಿ. ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಸ್ಕೇಲು ಕೊಟ್ಟು ಮನೆಯ ‘ಜಾತಕ’ ಬರೆಯಲು ಹೇಳಬಹುದು: ಕುಕ್ಕರಿನ ಕಂಪನಿ ಮತ್ತು ಗ್ಯಾಸ್ಕೆಟ್ಟಿನ ಅಗಲ, ಮಿಕ್ಸಿಯ ಮಾದರಿ ಸಂಖ್ಯೆ, ಕೊಳವೆ ಯಾವ ಜಾತಿಯದು, ಫ್ಯಾನಿನ ಕೆಪಾಸಿಟರ್ ಬದಲಿಸಿದಾಗ ಹಳೆಯದರ ಮೇಲೆ ಏನಿತ್ತು, ಯಾವ ಭಾಗ ಯಾವ ಅಂಗಡಿಯಲ್ಲಿ ಎಷ್ಟಕ್ಕೆ ಸಿಕ್ಕಿತು. ತೆಗೆದ ಹಳೆಯ ಭಾಗವನ್ನು, ಹೊಸದು ಸರಿಯಾಗಿ ಕೂತು ನಾಲ್ಕು ದಿನ ಕಳೆಯುವವರೆಗೆ ಎಸೆಯದೆ ಒಂದು ಡಬ್ಬಿಯಲ್ಲಿಡಬೇಕು. ಒಂದು ವರ್ಷದಲ್ಲಿ ಆ ಪುಸ್ತಕ ಮನೆಗೆ ಎಷ್ಟು ಉಳಿಸಿತೆಂದು ಕೊನೆಯ ಪುಟದಲ್ಲಿ ಮಕ್ಕಳೇ ಕೂಡಿಸಿ ನೋಡಲಿ.