ರಾಜನ ಪರವಾಗಿ ಪತ್ರ ಬರೆದವನು

ಕಳೆದ ವರ್ಷ ಆಫೀಸ್ ಕೆಲಸದ ಮೇಲೆ ಮೂರು ತಿಂಗಳು ಪ್ಯಾರಿಸ್‌ನಲ್ಲಿದ್ದೆ. ಒಂದು ಭಾನುವಾರ ರೂಮಿನಲ್ಲಿ ಕೂತು ಬೇಜಾರಾಗಿ ರೈಲು ಹತ್ತಿ ನಾರ್ಮಂಡಿಯ ಲಿಸ್ಯೂ ಎಂಬ ಊರಿಗೆ ಹೋದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಂತ ತೆರೇಸಾಳ ಬಸಿಲಿಕಾ ನೋಡಲು ಗುಡ್ಡ ಹತ್ತುತ್ತಾರೆ. ಮಳೆ ಹನಿಯುತ್ತಿತ್ತು, ನನ್ನ ಹತ್ತಿರ ಛತ್ರಿ ಇರಲಿಲ್ಲ. ಹಾಗಾಗಿ ಊರೊಳಗಿನ ಹಳೇ ಕೆಥೆಡ್ರಲ್‌ಗೆ ನುಗ್ಗಿದೆ. ಎತ್ತರದ ಕಲ್ಲಿನ ಕಂಬಗಳು, ಒಳಗೆಲ್ಲ ತಣ್ಣನೆಯ ಗಾಳಿ. ಇದನ್ನು ಕಟ್ಟಲು ಶುರು ಮಾಡಿಸಿದ್ದು ಯಾರು ಅಂತ ಮೊಬೈಲ್‌ನಲ್ಲಿ ಹುಡುಕಿದಾಗ ಸಿಕ್ಕ ಹೆಸರು ಬಿಷಪ್ ಆರ್ನುಲ್ಫ್.

ವಾಪಸ್ ಬರುವಾಗ ರೈಲಿನಲ್ಲಿ ಅವನ ಬಗ್ಗೆ ಓದುತ್ತಾ ಹೋದೆ. ಪ್ಯಾರಿಸ್ ಬಂದದ್ದೇ ಗೊತ್ತಾಗಲಿಲ್ಲ. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ಆಡಿದ ಮಾತು

ಆರ್ನುಲ್ಫ್ ಹುಟ್ಟಿದ್ದು 12ನೇ ಶತಮಾನದ ಆರಂಭದಲ್ಲಿ, ಚರ್ಚಿನ ಅಧಿಕಾರವೇ ಮನೆತನದ ಆಸ್ತಿಯಂತಿದ್ದ ಕುಟುಂಬದಲ್ಲಿ. ಚಿಕ್ಕಂದಿನಿಂದ ನೋಡಿದ್ದೇ ಬಿಷಪ್‌ಗಳನ್ನು. ಅವನಿಗಿಂತ ಮೊದಲು ಲಿಸ್ಯೂಗೆ ಬಿಷಪ್ ಆಗಿದ್ದವನು ಅವನ ಸ್ವಂತ ಚಿಕ್ಕಪ್ಪನೇ, ಸೇ ಎಂಬ ಊರಿನ ಬಿಷಪ್ ಅವನ ಅಣ್ಣ. ಆರ್ನುಲ್ಫ್ ಚೆನ್ನಾಗಿ ಓದಿಕೊಂಡಿದ್ದ. ಇಟಲಿಗೆ ಹೋಗಿ ಕಾನೂನು ಕಲಿತ. ಮಾತಿನಲ್ಲಂತೂ ಅವನನ್ನು ಹಿಡಿಯುವವರಿರಲಿಲ್ಲ.

ಆಗ ಇಂಗ್ಲೆಂಡ್ ಮತ್ತು ನಾರ್ಮಂಡಿಯ ಪಟ್ಟಕ್ಕಾಗಿ ದೊಡ್ಡ ಜಗಳ ನಡೀತಿತ್ತು. ಒಂದು ಕಡೆ ಸಿಂಹಾಸನ ಏರಿದ್ದ ಸ್ಟೀಫನ್. ಇನ್ನೊಂದು ಕಡೆ ಹಿಂದಿನ ರಾಜನ ಮಗಳು ಮಟಿಲ್ಡಾ. 1139ರಲ್ಲಿ ವ್ಯಾಜ್ಯ ರೋಮ್‌ನಲ್ಲಿ ಪೋಪ್ ಮುಂದೆ ಬಂತು. ಸ್ಟೀಫನ್ ಪರ ವಾದಿಸಿದವರಲ್ಲಿ ಆರ್ನುಲ್ಫ್ ಮುಖ್ಯ. ಅವನ ವಾದ ಏನು ಗೊತ್ತಾ? ಮಟಿಲ್ಡಾಳ ತಾಯಿ ಮೊದಲು ಸನ್ಯಾಸಿನಿಯಾಗಿದ್ದವಳು, ಆ ಮದುವೆಯೇ ಧರ್ಮಬಾಹಿರ, ಹಾಗಾಗಿ ಮಗಳಿಗೆ ಪಟ್ಟದ ಹಕ್ಕೇ ಇಲ್ಲ! ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳ ಹುಟ್ಟನ್ನೇ ಪ್ರಶ್ನಿಸಿದ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಹಾಗಾಯ್ತು. ಎರಡು ವರ್ಷ ಕಳೆಯುವಷ್ಟರಲ್ಲಿ, 1141ರಲ್ಲಿ, ಅವನು ಲಿಸ್ಯೂ ಬಿಷಪ್ ಆದ. ಅದೇ ಹೊತ್ತಿಗೆ ಮಟಿಲ್ಡಾಳ ಗಂಡ, ಆಂಜೂ ಪ್ರಾಂತ್ಯದ ಜೆಫ್ರಿ, ನಾರ್ಮಂಡಿಯನ್ನು ಗೆಲ್ಲುತ್ತಾ ಬಂದ. ನನ್ನನ್ನು ಕೇಳದೆ ಆಯ್ಕೆಯಾದ ಬಿಷಪ್ ನೀನು ಅಂತ ಎರಡು ವರ್ಷಕ್ಕೂ ಹೆಚ್ಚು ಕಾಲ ಚರ್ಚಿನ ಆದಾಯ ಹಿಡಿದಿಟ್ಟ. ಕೊನೆಗೆ ಆರ್ನುಲ್ಫ್ ದೊಡ್ಡ ಮೊತ್ತ ಕಟ್ಟಿ ರಾಜಿ ಮಾಡಿಕೊಂಡ.

ಎರಡೂ ಕಡೆ ಬೇಕಾದವನು

1147ರಲ್ಲಿ ಫ್ರಾನ್ಸ್ ರಾಜನ ಸೈನ್ಯದ ಜೊತೆ ಎರಡನೇ ಧರ್ಮಯುದ್ಧಕ್ಕೆ ಹೋದ. ಅಲ್ಲಿ ಇನ್ನೊಬ್ಬ ಬಿಷಪ್ ಜೊತೆ ಸದಾ ಜಟಾಪಟಿ. ಸಮಕಾಲೀನ ಲೇಖಕ ಸಾಲ್ಸ್‌ಬರಿಯ ಜಾನ್ ಇಬ್ಬರನ್ನೂ ಚೆನ್ನಾಗಿ ಝಾಡಿಸಿದ್ದಾನೆ. ಯುದ್ಧವೂ ಸೋತಿತು.

ಊರಿಗೆ ಮರಳಿದ ಮೇಲೆ ಅವನ ನಸೀಬು ತಿರುಗಿತು. 1154ರಲ್ಲಿ ಇಂಗ್ಲೆಂಡಿನ ರಾಜನಾದವನು ಎರಡನೇ ಹೆನ್ರಿ. ಅಂದರೆ ಅದೇ ಮಟಿಲ್ಡಾಳ ಮಗ! ಹೆನ್ರಿಯ ತಾಯಿಯನ್ನು ರೋಮ್‌ನಲ್ಲಿ ಅಷ್ಟು ಅವಮಾನ ಮಾಡಿದವನೇ ಈಗ ಆ ಮಗನ ಆಸ್ಥಾನದಲ್ಲಿ ಮುಖ್ಯ ರಾಯಭಾರಿ. ಪ್ರತಿಭೆ ಬೇಕಾದಾಗ ರಾಜರು ಹಳೇದನ್ನೆಲ್ಲ ಮರೀತಾರೆ, ಕನಿಷ್ಠ ಸ್ವಲ್ಪ ದಿನ.

1159ರಲ್ಲಿ ಒಂದೇ ಸಲ ಇಬ್ಬರು ಪೋಪ್‌ಗಳು ಆಯ್ಕೆಯಾದರು. ಜರ್ಮನ್ ಚಕ್ರವರ್ತಿ ಒಬ್ಬನ ಪರ ನಿಂತ. ಹೆನ್ರಿಯನ್ನು ಮತ್ತೊಬ್ಬ, ಅಂದರೆ ಮೂರನೇ ಅಲೆಕ್ಸಾಂಡರ್ ಕಡೆಗೆ ಒಲಿಸಲು ದುಡಿದವರಲ್ಲಿ ಆರ್ನುಲ್ಫ್ ಪ್ರಮುಖ. 1163ರಲ್ಲಿ ಟೂರ್ ನಗರದಲ್ಲಿ ಅಲೆಕ್ಸಾಂಡರ್ ಕರೆದ ಮಹಾಸಭೆಯಲ್ಲಿ ಆರಂಭದ ಪ್ರವಚನ ಕೊಟ್ಟದ್ದೂ ಇವನೇ.

ಆಮೇಲೆ ಬಂತು ನಿಜವಾದ ಪರೀಕ್ಷೆ. ಹೆನ್ರಿ ಮತ್ತು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಒಂದು ಕಾಲದ ಆಪ್ತ ಸ್ನೇಹಿತರು. ಚರ್ಚಿನ ಮೇಲೆ ರಾಜನ ಅಧಿಕಾರ ಎಷ್ಟು ಎಂಬ ಪ್ರಶ್ನೆಯಲ್ಲಿ ಬದ್ಧವೈರಿಗಳಾದರು. ಇಂಗ್ಲೆಂಡಿನ ಬಿಷಪ್‌ಗಳನ್ನು ಒಡೆದು ಬೆಕೆಟ್‌ನನ್ನು ಒಂಟಿ ಮಾಡಿ ಅಂತ ಹೆನ್ರಿಗೆ ಸಲಹೆ ಕೊಟ್ಟವನು ಆರ್ನುಲ್ಫ್. ಬೆಕೆಟ್ ದೇಶ ಬಿಟ್ಟು ಫ್ರಾನ್ಸಿಗೆ ಓಡಿಹೋದ ಮೇಲೆ, ಅವನಿಗೂ ಉದ್ದನೆಯ ಪತ್ರ ಬರೆದ. ರಾಜನ ಸ್ವಭಾವ ಹೀಗಿದೆ, ನಿನ್ನವರು ಅಂದುಕೊಂಡವರೆಲ್ಲ ನಿನ್ನವರಲ್ಲ, ಸ್ವಲ್ಪ ತಗ್ಗಿ ನಡೆ ಎಂಬ ಧಾಟಿಯ ಬುದ್ಧಿಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಆ ಪತ್ರ

1170ರ ಡಿಸೆಂಬರ್ 29. ಹೆನ್ರಿಯ ಆಸ್ಥಾನದಿಂದ ಹೊರಟ ನಾಲ್ವರು ಯೋಧರು ಕ್ಯಾಂಟರ್ಬರಿ ಕೆಥೆಡ್ರಲ್‌ನ ಒಳಗೇ ಬೆಕೆಟ್‌ನನ್ನು ಕೊಂದರು. ರಾಜ ಸಿಟ್ಟಿನಲ್ಲಿ ಆಡಿದ ಮಾತೇ ಅವರನ್ನು ಹೊರಡಿಸಿತ್ತು. ಯೂರೋಪಿಗೆ ಯೂರೋಪೇ ನಡುಗಿತು. ಈಗ ಪೋಪ್‌ಗೆ ಯಾರಾದರೂ ಬರೆಯಬೇಕಲ್ಲ? ಆರ್ನುಲ್ಫ್ ಬರೆದ.

ಸುದ್ದಿ ಕೇಳಿ ರಾಜ ಗೋಳಾಡಿದ. ರಾಜವಸ್ತ್ರ ಕಳಚಿ ಗೋಣಿಬಟ್ಟೆ ಉಟ್ಟ, ಬೂದಿ ಬಳಿದುಕೊಂಡ. ಮೂರು ದಿನ ಕೋಣೆ ಬಿಟ್ಟು ಬರಲಿಲ್ಲ, ಅನ್ನಾಹಾರ ಮುಟ್ಟಲಿಲ್ಲ. ಕೊಂದವರಿಗೆ ಶಿಕ್ಷೆಯಾಗಲಿ, ಆದರೆ ರಾಜ ನಿರ್ದೋಷಿ. ಪತ್ರದ ಸಾರ ಇಷ್ಟು. ಹೆನ್ರಿಗೆ ದುಃಖವಾಗಿದ್ದು ಸುಳ್ಳೇನಲ್ಲ ಇರಬಹುದು. ಆದರೆ ಅವನ ಬಾಯಿಂದ ಬಂದ ಮಾತಿನ ಹೊಣೆ ಆ ಪತ್ರದಲ್ಲಿ ಅವನ ತಲೆ ಮೇಲಿಲ್ಲ. 1172ರಲ್ಲಿ ಆವ್ರಾಂಶ್ ಊರಿನಲ್ಲಿ ಪ್ರಾಯಶ್ಚಿತ್ತ ಮಾಡಿ ಹೆನ್ರಿ ಚರ್ಚಿನ ಜೊತೆ ರಾಜಿಯಾದ.

ಆರ್ನುಲ್ಫ್‌ಗೆ ಏನು ಸಿಕ್ತು? ಮರುವರ್ಷವೇ ಹೆನ್ರಿಯ ಮಕ್ಕಳು ಅಪ್ಪನ ವಿರುದ್ಧ ದಂಗೆ ಎದ್ದರು. ಆರ್ನುಲ್ಫ್ ಅವರ ಕಡೆ ವಾಲಿದ್ದಾನೆ ಎಂದು ರಾಜನಿಗೆ ಗುಮಾನಿ ಬಂತು. ಜೀವನವಿಡೀ ಎರಡೂ ಕಡೆ ಮಾತಾಡಿದವನನ್ನು ನಂಬೋದು ಕಷ್ಟವೇ ಅಲ್ವಾ? ಕಟ್ಟಡದ ಖರ್ಚು, ಸಾಲ, ಸ್ವಂತ ಚರ್ಚಿನವರ ಜೊತೆಗೇ ಜಗಳ. 1181ರಲ್ಲಿ ಹುದ್ದೆ ಬಿಟ್ಟು ಪ್ಯಾರಿಸ್‌ನ ಸೇಂಟ್ ವಿಕ್ಟರ್ ಮಠ ಸೇರಿದ. 1184ರ ಆಗಸ್ಟ್ 31ರಂದು ಅಲ್ಲೇ ತೀರಿಕೊಂಡ. ಬದುಕಿದ್ದಾಗಲೇ ತನ್ನ ಪತ್ರಗಳನ್ನು ತಾನೇ ಒಟ್ಟುಮಾಡಿ ಸ್ನೇಹಿತನಿಗೆ ಕಳಿಸಿದ್ದ. ಹಾಗಾಗಿಯೇ ಇವತ್ತಿಗೂ ಅವು ಓದಲು ಸಿಗುತ್ತವೆ.

ನನ್ನ ಮೇಲ್

ಪ್ಯಾರಿಸ್‌ಗೆ ಹೋಗುವ ನಾಲ್ಕು ತಿಂಗಳ ಮುಂಚೆ ನಾನೂ ಒಂದು ಪತ್ರ ಬರೆದಿದ್ದೆ. ಟೆಸ್ಟಿಂಗ್ ಮುಗಿಯದೆ ಸಾಫ್ಟ್‌ವೇರ್ ಬಿಡುಗಡೆ ಮಾಡಿಸಿದ್ದು ನಮ್ಮ ಮ್ಯಾನೇಜರ್. ಕ್ಲೈಂಟ್ ಕಡೆ ಎಲ್ಲ ಕುಸಿದು ಬಿತ್ತು. 'ನೀನು ಚೆನ್ನಾಗಿ ಬರೀತೀಯ, ಒಂದು ಮೇಲ್ ರೆಡಿ ಮಾಡಮ್ಮ' ಅಂದರು. ಬರೆದೆ. ಮ್ಯಾನೇಜರ್ ಎಷ್ಟು ನೊಂದಿದ್ದಾರೆ, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅಂತ ಬರೆದೆ. ತಂಡದ ಮಟ್ಟದಲ್ಲಿ ಲೋಪವಾಗಿದೆ ಅಂತಲೂ ಬರೆದೆ. ತಂಡ ಅಂದರೆ ಯಾರು? ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗ. ಎರಡು ವಾರದಲ್ಲಿ ಅವನಿಂದ ರಾಜೀನಾಮೆ ತಗೊಂಡರು. ನನ್ನನ್ನು ಪ್ಯಾರಿಸ್‌ಗೆ ಕಳಿಸಿದರು.

ನನ್ನ ಮೇಲ್‌ನಲ್ಲಿ ಒಂದೇ ಒಂದು ಸುಳ್ಳು ವಾಕ್ಯ ಇರಲಿಲ್ಲ. ಮ್ಯಾನೇಜರ್ ನಿಜವಾಗಿಯೂ ನಿದ್ದೆ ಮಾಡಿರಲಿಲ್ಲ. ರೈಲಿನಲ್ಲಿ ಆರ್ನುಲ್ಫ್‌ನ ಪತ್ರದ ಬಗ್ಗೆ ಓದುವಾಗ ಇದೇ ನೆನಪಾಗಿ ಕೈ ತಣ್ಣಗಾಯಿತು.

ಅವತ್ತು ರಾತ್ರಿ ಆ ಹುಡುಗನಿಗೆ ಮೆಸೇಜ್ ಹಾಕಿದೆ. ಐದು ಸಲ ಬರೆದು ಅಳಿಸಿದೆ, ಯಾಕಂದರೆ ಪ್ರತಿ ಸಲವೂ ಅದು ತುಂಬಾ ಚೆನ್ನಾಗಿ ಬರುತ್ತಿತ್ತು. ಕೊನೆಗೆ ಕಳಿಸಿದ್ದು ಇಷ್ಟೇ: 'ಆ ಮೇಲ್ ಬರೆದವಳು ನಾನು. ತಪ್ಪು ನಿನ್ನದಲ್ಲ ಅಂತ ಗೊತ್ತಿತ್ತು. ಹೊಸ ಕೆಲಸಕ್ಕೆ ಯಾರಾದರೂ ವಿಚಾರಿಸಿದರೆ ನನ್ನ ನಂಬರ್ ಕೊಡು, ನಡೆದದ್ದನ್ನು ನಡೆದ ಹಾಗೆ ಹೇಳ್ತೀನಿ.'

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು: 'ಸರಿ ಅಕ್ಕ.' ಹೋದ ತಿಂಗಳು ಒಂದು ಕಂಪನಿಯಿಂದ ನನಗೆ ಫೋನ್ ಬಂದಿತ್ತು. ಹೇಳಬೇಕಾದದ್ದನ್ನು ಹೇಳಿದ್ದೇನೆ.