ಕರ್ ಎನ್ನುವ ಗೇರು, ಸವೆಯುವ ಹಿತ್ತಾಳೆ

ಟೊಮೆಟೊ ಸುಗ್ಗಿಯ ದಿನಗಳಲ್ಲಿ ಬೆಳಗಿನ ಜಾವ ಕೋಲಾರದ ಎಪಿಎಂಸಿ ಗೇಟಿನ ಬಳಿ ನಿಂತರೆ ಪಿಕಪ್ ಗಾಡಿಗಳ ಸದ್ದಿನಿಂದಲೇ ಅವುಗಳ ಆರೋಗ್ಯ ಗೊತ್ತಾಗುತ್ತದೆ. ಕ್ರೇಟು ತುಂಬಿದ ಒಂದು ಗಾಡಿ ರಿವರ್ಸ್ ಹಾಕುವಾಗ ‘ಕರ್ರ್’ ಎನ್ನುತ್ತದೆ. ಇನ್ನೊಂದು ಫಸ್ಟ್ ಗೇರಿನಿಂದ ಸೆಕೆಂಡಿಗೆ ಬರುವಾಗ ಹಲ್ಲು ಕಡಿಯುತ್ತದೆ. ಮತ್ತೊಂದರಲ್ಲಿ ಗೇರ್ ಸದ್ದಿಲ್ಲದೆ ಬೀಳುತ್ತದೆ, ಆದರೆ ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಆ್ಯಕ್ಸಲ್ ಕಡೆಯಿಂದ ‘ಧಡ್’ ಎಂದು ಒದ್ದಂತಾಗಿ ಗಾಡಿ ಮುಂದಕ್ಕೆ ಜಗ್ಗುತ್ತದೆ. ಗ್ಯಾರೇಜಿಗೆ ಬಂದಾಗ ಮೂವರು ಡ್ರೈವರ್‌ಗಳೂ ಹೇಳುವುದು ಒಂದೇ ಮಾತು: ‘ಗೇರ್ ಸರಿಯಾಗಿ ಬೀಳ್ತಿಲ್ಲ.’ ಕಾರಣ ಮಾತ್ರ ಒಂದೊಂದಕ್ಕೂ ಬೇರೆ. ಖರ್ಚೂ ಬೇರೆ. ಒಂದಕ್ಕೆ ಪುಟ್ಟ ಡಬ್ಬಿ ಬ್ರೇಕ್ ಆಯಿಲ್ ಸಾಕು, ಇನ್ನೊಂದಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕು. ವ್ಯತ್ಯಾಸ ತಿಳಿಯದೆ ಲಿವರನ್ನು ಗುದ್ದಿ ಗುದ್ದಿ ಗೇರ್ ಹಾಕುತ್ತ ಹೋದರೆ ಮೊದಲಿನ ಸಣ್ಣ ಖರ್ಚು ಎರಡನೆಯ ದೊಡ್ಡ ಖರ್ಚಾಗುತ್ತದೆ.

ಗೇರ್ ಹಾಕುವುದೆಂದರೆ ಒಂದು ಹಲ್ಲಿನ ಚಕ್ರವನ್ನು ಎಳೆದು ಇನ್ನೊಂದಕ್ಕೆ ತಗುಲಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ನೂರು ವರ್ಷದ ಹಿಂದಿನ ಗಾಡಿಗಳಲ್ಲಿ ಅದು ನಿಜವೂ ಆಗಿತ್ತು. ಇಂದಿನ ಪಿಕಪ್‌ನಲ್ಲಿ ಮುಂದಕ್ಕೆ ಹೋಗುವ ಐದೂ ಗೇರಿನ ಚಕ್ರಗಳು ತಮ್ಮ ಜೊತೆಗಾರ ಚಕ್ರಗಳೊಂದಿಗೆ ಸದಾ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಮೇನ್ ಶಾಫ್ಟಿನ ಮೇಲೆ ಅವು ಬೇರಿಂಗಿನಲ್ಲಿ ಸುಮ್ಮನೆ ಉರುಳುತ್ತಿರುತ್ತವೆ, ಶಾಫ್ಟಿಗೂ ಅವಕ್ಕೂ ಹಿಡಿತವಿಲ್ಲ. ಲಿವರ್ ತಳ್ಳಿದಾಗ ಒಂದು ಫೋರ್ಕ್ ಸರಿಯುತ್ತದೆ, ಫೋರ್ಕ್ ಜೊತೆ ಒಂದು ಸ್ಲೀವ್ ಸರಿಯುತ್ತದೆ. ಆ ಸ್ಲೀವ್ ಐದರಲ್ಲಿ ಒಂದು ಚಕ್ರವನ್ನು ಮಾತ್ರ ಶಾಫ್ಟಿಗೆ ಜೋಡಿಸುತ್ತದೆ. ನಮ್ಮ ಎಡಗೈ ಮಾಡುವ ಕೆಲಸ ಇಷ್ಟೇ.

ಕಷ್ಟ ಇರುವುದು ವೇಗದಲ್ಲಿ. ಓಡುವ ಬಸ್ಸು ಹತ್ತುವವನು ಬಾಗಿಲಿನ ಕಂಬಿ ಹಿಡಿಯುವ ಮೊದಲು ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡುತ್ತಾನೆ. ನಿಂತಲ್ಲಿಂದಲೇ ಹಿಡಿದರೆ ತೋಳು ಕಿತ್ತುಬರುತ್ತದೆ. ಸ್ಲೀವ್ ಮತ್ತು ಚಕ್ರದ ನಡುವೆಯೂ ಅಂಥದೇ ಓಟ ನಡೆಯಬೇಕು. ಲೆಕ್ಕ ಹಾಕಿ ನೋಡೋಣ. ಫಸ್ಟ್ ಗೇರಿನ ಅನುಪಾತ 4, ಸೆಕೆಂಡಿನದು 2.3 ಇರುವ ಗಾಡಿ ಎಂದಿಟ್ಟುಕೊಳ್ಳಿ. ಫಸ್ಟ್‌ನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟು 750 ಸುತ್ತು ತಿರುಗುತ್ತದೆ. ಗಾಡಿಯ ವೇಗ ಹಾಗೇ ಇದ್ದು ಸೆಕೆಂಡ್ ಗೇರ್ ಕೂರಬೇಕಾದರೆ ಒಳಗಿನ ಇನ್‌ಪುಟ್ ಶಾಫ್ಟು, ಅದಕ್ಕೆ ಕಚ್ಚಿಕೊಂಡ ಅಷ್ಟೂ ಚಕ್ರಗಳು, ಜೊತೆಗೆ ಕ್ಲಚ್ ಪ್ಲೇಟು ಎಲ್ಲವೂ 1725 ಸುತ್ತಿಗೆ ಇಳಿಯಬೇಕು. ಅಂದರೆ 1275 ಸುತ್ತಿನ ವ್ಯತ್ಯಾಸ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಅಳಿಯಬೇಕು. ಅದನ್ನು ಅಳಿಸುವುದು ಅಂಗೈಯಲ್ಲಿ ಹಿಡಿಸುವ ಒಂದು ಹಿತ್ತಾಳೆ ರಿಂಗು.

ಮೆಕ್ಯಾನಿಕ್‌ಗಳು ಸಿಂಕ್ರೋ ರಿಂಗ್ ಎನ್ನುವ ಈ ಬಿಡಿಭಾಗವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಳಮೈ ಸ್ವಲ್ಪ ಇಳಿಜಾರಾಗಿದೆ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಉಗುರಿನಿಂದ ಗೀರಿದರೆ ಆ ಒಳಮೈಯಲ್ಲಿ ಎಳೆ ಎಳೆಯಾಗಿ ಸಣ್ಣ ಗೆರೆಗಳು ತಗುಲುತ್ತವೆ. ಹೊರ ಅಂಚಿನಲ್ಲಿ ಸುತ್ತಲೂ ಮೊನಚಾದ ಪುಟ್ಟ ಹಲ್ಲುಗಳು. ಪಕ್ಕದಲ್ಲಿ ಮೂರು ಕಚ್ಚುಗಳು, ಸ್ಲೀವಿನ ಜೊತೆ ಸರಿಯುವ ಮೂರು ಕೀ ಕೂರುವುದಕ್ಕೆ. ಗೇರಿನ ಚಕ್ರದ ಪಕ್ಕದಲ್ಲೂ ಇದಕ್ಕೆ ಸರಿಹೊಂದುವ ಉಕ್ಕಿನ ಕೋನ್ ಇರುತ್ತದೆ. ಸ್ಲೀವ್ ಸರಿಯತೊಡಗಿದಾಗ ಕೀಗಳು ಮೊದಲು ರಿಂಗನ್ನು ಆ ಕೋನಿನ ಮೇಲೆ ಒತ್ತುತ್ತವೆ. ಗೆರೆಗಳು ಆಯಿಲಿನ ಪದರವನ್ನು ಕತ್ತರಿಸಿ ಆಚೆ ತಳ್ಳುತ್ತವೆ, ಲೋಹಕ್ಕೆ ಲೋಹ ತಾಗಿ ಉಜ್ಜಾಟ ಶುರುವಾಗುತ್ತದೆ. ಚಕ್ರದ ವೇಗ ಇಳಿಯುವುದು ಅಥವಾ ಏರುವುದು ಈ ಉಜ್ಜಾಟದಿಂದ.

ನನಗೆ ಇಡೀ ಗೇರ್‌ಬಾಕ್ಸಿನಲ್ಲಿ ಅತ್ಯಂತ ಚೆಂದ ಕಾಣುವುದು ಇದರ ನಂತರದ ಹಂತ. ಉಜ್ಜಾಟದ ಸೆಳೆತಕ್ಕೆ ರಿಂಗು ಅರ್ಧ ಹಲ್ಲಿನಷ್ಟು ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಆಗ ಅದರ ಮೊನೆಗಳು ಸರಿಯಾಗಿ ಸ್ಲೀವಿನ ಹಲ್ಲುಗಳಿಗೆ ಎದುರಾಗುತ್ತವೆ, ಸ್ಲೀವ್ ಮುಂದೆ ಹೋಗಲಾರದು. ವೇಗದಲ್ಲಿ ವ್ಯತ್ಯಾಸ ಇರುವವರೆಗೂ ಸೆಳೆತ ಇರುತ್ತದೆ, ಸೆಳೆತ ಇರುವವರೆಗೂ ತಡೆ ಇರುತ್ತದೆ. ಎರಡೂ ವೇಗ ಸಮವಾದ ಗಳಿಗೆಯಲ್ಲಿ ಸೆಳೆತ ಇಲ್ಲವಾಗಿ, ಸ್ಲೀವಿನ ಮೊನೆಗಳು ರಿಂಗನ್ನು ಮೆಲ್ಲಗೆ ಸರಿಸಿ ದಾರಿ ಮಾಡಿಕೊಂಡು ಗೇರಿನ ಹಲ್ಲುಗಳ ನಡುವೆ ಇಳಿಯುತ್ತವೆ. ಸೆನ್ಸರ್ ಇಲ್ಲ, ವಿದ್ಯುತ್ ಇಲ್ಲ. ಅಳೆಯುವುದು, ತಡೆಯುವುದು, ಬಿಡುವುದು ಎಲ್ಲವೂ ಒಂದು ರಿಂಗಿನ ಕೆಲಸ. ಲಿವರ್ ತಳ್ಳುವಾಗ ನಡುವೆ ಒಂದು ಕ್ಷಣ ಏನೋ ಅಡ್ಡ ಬಂದಂತಾಗಿ ಆಮೇಲೆ ‘ಟಕ್’ ಎಂದು ಒಳಗೆ ಹೋಗುತ್ತದಲ್ಲ, ಅಂಗೈಗೆ ತಿಳಿಯುವ ಆ ಅಡ್ಡಿ ಈ ರಿಂಗಿನದೇ. ಆ ಕ್ಷಣದಲ್ಲಿ ಬೇಕಾದದ್ದು ಹದವಾದ ಒತ್ತಡ, ಗುದ್ದು ಅಲ್ಲ. ಗುದ್ದಿದರೆ ಮೊನೆಗಳು ಮೊಂಡಾಗುತ್ತವೆ. ಮೊಂಡಾದ ರಿಂಗಿಗೆ ತಡೆಯುವ ಶಕ್ತಿ ಉಳಿಯುವುದಿಲ್ಲ. ಆಮೇಲೆ ಉಕ್ಕು ಉಕ್ಕಿಗೆ ನೇರವಾಗಿ ಬಡಿಯುತ್ತದೆ, ನಮಗೆ ಕೇಳಿಸುವ ‘ಕರ್ರ್’ ಅದೇ.

ಸಿಂಕ್ರೋ ವ್ಯವಸ್ಥೆಯನ್ನು ರೂಪಿಸಿದವರು ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಮೊದಲು ಬಳಕೆಗೆ ಬಂತು. ಅದಕ್ಕೂ ಮುಂಚೆ ವೇಗ ಸರಿಹೊಂದಿಸುವ ಹೊಣೆ ಪೂರ್ತಿ ಡ್ರೈವರನದೇ. ನಮ್ಮ ಹಳೆಯ ಲಾರಿ ಡ್ರೈವರ್‌ಗಳು ಹೇಳುವ ‘ಡಬಲ್ ಕ್ಲಚ್’ ಆ ಕಾಲದ ವಿದ್ಯೆ. ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒತ್ತಿ ಒಳಗಿನ ಶಾಫ್ಟಿನ ವೇಗ ಏರಿಸಿ, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರು ಹಾಕುವುದು. ಹಿತ್ತಾಳೆ ರಿಂಗು ಇಲ್ಲದ ಕಾಲದಲ್ಲಿ ಕಿವಿ ಮತ್ತು ಕಾಲು ಸೇರಿ ಆ ಕೆಲಸ ಮಾಡುತ್ತಿದ್ದವು. ಇದೇ ಥಾಂಪ್ಸನ್ ಮುಂದೆ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸಿದ ತಂಡದ ಮುಂದಾಳಾಗಿದ್ದರು. ಮೋಟರ್ ಸೈಕಲ್‌ಗಳಲ್ಲಿ ಇವತ್ತಿಗೂ ಸಿಂಕ್ರೋ ರಿಂಗ್ ಇರುವುದಿಲ್ಲ. ಅಲ್ಲಿನ ಭಾಗಗಳು ಹಗುರ, ಗೇರಿನಿಂದ ಗೇರಿಗೆ ಅಂತರವೂ ಕಡಿಮೆ.

ಪಿಕಪ್‌ನಲ್ಲಿ ಎರಡೂ ತಿರುವುಮುರುವು. ಭಾರ ಎಳೆಯಬೇಕೆಂದು ಫಸ್ಟ್ ಗೇರನ್ನು ತೀರಾ ಕೆಳಗೆ ಇಟ್ಟಿರುತ್ತಾರೆ, ಹಾಗಾಗಿ ಫಸ್ಟ್‌ಗೂ ಸೆಕೆಂಡಿಗೂ ಅಂತರ ದೊಡ್ಡದು. ಕ್ಲಚ್ ಪ್ಲೇಟು ದೊಡ್ಡದು, ಶಾಫ್ಟುಗಳು ದಪ್ಪ. ನಾಲ್ಕನೆಯ ಗೇರಿನ ಅನುಪಾತ 1, ಐದನೆಯದು 0.8 ಎಂದರೆ 3000 ಸುತ್ತಿನಲ್ಲಿ ಬದಲಿಸುವಾಗ ಅಳಿಯಬೇಕಾದ ವ್ಯತ್ಯಾಸ 600 ಮಾತ್ರ. ರಿಂಗಿನಲ್ಲಿ ಹುಟ್ಟುವ ಶಾಖ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ 1275ರ ವ್ಯತ್ಯಾಸವಿರುವ ಸೆಕೆಂಡ್ ಗೇರಿನ ರಿಂಗು ಸುಮಾರು ನಾಲ್ಕೂವರೆ ಪಟ್ಟು ಶಾಖ ತಿನ್ನಬೇಕಾಗುತ್ತದೆ. ಸಂತೆಯ ಜನಸಂದಣಿಯಲ್ಲಿ, ತೋಟದ ದಾರಿಯಲ್ಲಿ ಮತ್ತೆ ಮತ್ತೆ ಬೀಳುವ ಗೇರೂ ಅದೇ. ಗ್ಯಾರೇಜಿಗೆ ಬರುವ ಪಿಕಪ್‌ಗಳಲ್ಲಿ ‘ಸೆಕೆಂಡ್ ಮಾತ್ರ ಕರ್ ಅನ್ನುತ್ತೆ’ ಎಂಬ ದೂರು ಹೆಚ್ಚಿರುವುದರಲ್ಲಿ ಆಶ್ಚರ್ಯವಿಲ್ಲ. ತಯಾರಕರಿಗೂ ಇದು ಗೊತ್ತು. ಅದಕ್ಕೇ ಕೆಳಗಿನ ಗೇರುಗಳಿಗೆ ಎರಡು ಅಥವಾ ಮೂರು ಕೋನಿನ ಸಿಂಕ್ರೋ ಕೊಡುವ ರೂಢಿ ಬಂದಿದೆ.

ಘಾಟಿಯಲ್ಲಿ ಈ ಲೆಕ್ಕ ಇನ್ನೊಂದು ರೂಪ ತಾಳುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ, ಭಾರ ತುಂಬಿದ ಪಿಕಪ್ ಒಂದನ್ನು ನೆನೆಯಿರಿ. ಥರ್ಡ್‌ನಲ್ಲಿ ಇಳಿಯುತ್ತಿದೆ, ತಿರುವಿನ ಮುಂಚೆ ಸೆಕೆಂಡ್ ಬೇಕು. ಕ್ಲಚ್ ತುಳಿದು ಲಿವರ್ ನ್ಯೂಟ್ರಲ್‌ಗೆ ಬಂದ ಕ್ಷಣದಿಂದ ಗಾಡಿಯನ್ನು ಹಿಡಿದಿಡುವ ಎಂಜಿನ್ ಇಲ್ಲ, ಇಳಿಜಾರಿಗೆ ಗಾಡಿಯ ವೇಗ ಏರುತ್ತಲೇ ಹೋಗುತ್ತದೆ. ಅದರ ಜೊತೆಗೆ ಸೆಕೆಂಡ್ ಗೇರಿಗೆ ಬೇಕಾದ ಒಳ ಶಾಫ್ಟಿನ ವೇಗವೂ ಏರುತ್ತದೆ. ಆದರೆ ಒಳ ಶಾಫ್ಟು ಆಯಿಲಿನ ಎಳೆತಕ್ಕೆ ನಿಧಾನವಾಗುತ್ತಿದೆ. ತಡಮಾಡಿದಷ್ಟೂ ಅಂತರ ಹಿಗ್ಗುತ್ತದೆ. ಹೊಸ ರಿಂಗು ಹೇಗೋ ತೂಗಿಸಿಕೊಳ್ಳುತ್ತದೆ. ಸವೆದ ರಿಂಗು ಕೈಬಿಡುತ್ತದೆ. ಗೇರು ಬೀಳದೆ ಗಾಡಿ ನ್ಯೂಟ್ರಲ್‌ನಲ್ಲೇ ಇಳಿಯತೊಡಗಿದರೆ ಬ್ರೇಕ್ ಒಂದೇ ಗತಿ, ಬಿಸಿಯಾದ ಬ್ರೇಕಿನ ಮೇಲೆ ಘಾಟಿಯಲ್ಲಿ ಎಷ್ಟು ಭರವಸೆ ಇಡಬಹುದೋ ಡ್ರೈವರ್‌ಗಳಿಗೆ ಗೊತ್ತು. ಇಳಿಜಾರು ಶುರುವಾಗುವ ಮೊದಲೇ ಸೆಕೆಂಡಿಗೆ ಬಂದುಬಿಡಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ. ತಪ್ಪಿಹೋದರೆ ಮೊದಲು ಬ್ರೇಕಿನಿಂದ ವೇಗ ಇಳಿಸಿ, ಡಬಲ್ ಕ್ಲಚ್ ಮಾಡಿ ಹಾಕಬೇಕು. ಏರುವಾಗ ಹೀಗಿಲ್ಲ. ಅಲ್ಲಿ ನ್ಯೂಟ್ರಲ್‌ನಲ್ಲಿ ಗಾಡಿಯ ವೇಗ ಇಳಿಯುವುದರಿಂದ ಕೆಳಗಿನ ಗೇರಿಗೆ ಅಂತರ ತಾನಾಗಿಯೇ ಕುಗ್ಗುತ್ತದೆ.

ಇಷ್ಟೆಲ್ಲ ಹೇಳಿದರೂ ಕರ್ ಎಂದ ಕೂಡಲೇ ರಿಂಗನ್ನು ದೂರಬಾರದು. ರಿಂಗು ನಿಭಾಯಿಸಬಲ್ಲದ್ದು ಎಂಜಿನ್ನಿನಿಂದ ಬಿಡಿಸಿಕೊಂಡ ಶಾಫ್ಟನ್ನು ಮಾತ್ರ. ಕ್ಲಚ್ ತುಳಿದರೂ ಪ್ಲೇಟು ಫ್ಲೈವೀಲಿನಿಂದ ಪೂರ್ತಿ ಬಿಡದೆ ಸ್ವಲ್ಪ ಎಳೆಯುತ್ತಿದ್ದರೆ ಆ ಪುಟ್ಟ ಹಿತ್ತಾಳೆ ಎಂಜಿನ್ನಿನ ಜೊತೆಗೇ ಹೋರಾಡಬೇಕಾಗುತ್ತದೆ. ಪತ್ತೆ ಹಚ್ಚುವುದು ಸುಲಭ. ಗಾಡಿ ನಿಂತಿರಲಿ, ಎಂಜಿನ್ ಆಫ್ ಮಾಡಿ ಎಲ್ಲ ಗೇರೂ ಹಾಕಿ ನೋಡಿ. ಸಲೀಸಾಗಿ ಬೀಳುತ್ತಿದ್ದು, ಎಂಜಿನ್ ಓಡುವಾಗ ಮಾತ್ರ ಎಲ್ಲವೂ ಬಿಗಿಯಾದರೆ ಅನುಮಾನ ಕ್ಲಚ್ ಮೇಲೆ. ರಿವರ್ಸ್ ಇನ್ನೂ ಒಳ್ಳೆಯ ಪರೀಕ್ಷೆ, ಏಕೆಂದರೆ ಅನೇಕ ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೋ ಇರುವುದಿಲ್ಲ. ಕ್ಲಚ್ ಪೂರ್ತಿ ತುಳಿದು ನಾಲ್ಕೈದು ಸೆಕೆಂಡು ಕಾಯಿರಿ, ಒಳಗಿನ ಚಕ್ರಗಳು ನಿಲ್ಲಲಿ. ಆಮೇಲೂ ರಿವರ್ಸ್ ಕರ್ ಎಂದರೆ ಏನೋ ಆ ಶಾಫ್ಟನ್ನು ಇನ್ನೂ ತಿರುಗಿಸುತ್ತಿದೆ. ಕಾದ ಮೇಲೆ ಸುಮ್ಮನಾದರೆ ದೋಷ ಏನೂ ಇಲ್ಲ, ಅವಸರ ಮಾತ್ರ. ರಿವರ್ಸಿಗೆ ಮುಂಚೆ ಒಮ್ಮೆ ಫಸ್ಟ್ ಕಡೆ ತಳ್ಳಿದರೆ ಆ ಗೇರಿನ ರಿಂಗೇ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ, ಕಾಯುವ ಗೋಜೂ ಇಲ್ಲ.

ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗೇರು ಹಗುರವಾಗಿ ಬಿದ್ದರೆ ಹೈಡ್ರಾಲಿಕ್ ಕ್ಲಚ್ಚಿನ ಪೈಪಿನಲ್ಲಿ ಗಾಳಿ ಸೇರಿದೆ, ಅಥವಾ ಮಾಸ್ಟರ್ ಸಿಲಿಂಡರೋ ಸ್ಲೇವ್ ಸಿಲಿಂಡರೋ ಸೋರುತ್ತಿದೆ. ಗಾಳಿ ತೆಗೆದು ಹೊಸ ಬ್ರೇಕ್ ಆಯಿಲ್ ಹಾಕಿದರೆ ಎಷ್ಟೋ ಸಲ ಮುಗಿಯುತ್ತದೆ. ಕೇಬಲ್ ಕ್ಲಚ್ ಆದರೆ ಅಡ್ಜಸ್ಟ್‌ಮೆಂಟ್. ದಿಬ್ಬದಲ್ಲಿ ಬ್ರೇಕ್ ಬಳಸದೆ ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸವಿದ್ದರೆ ಶಾಖಕ್ಕೆ ಪ್ಲೇಟು ಸೊಟ್ಟಗಾಗಿರಲೂಬಹುದು. ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್ ಹಿಡಿದುಕೊಂಡಿದ್ದರೂ ಇದೇ ಲಕ್ಷಣ. ಆಗ ಕ್ಲಚ್ಚಿನಲ್ಲಿ ತಪ್ಪಿಲ್ಲದಿದ್ದರೂ ಶಾಫ್ಟು ಎಂಜಿನ್ ಜೊತೆ ತಿರುಗುತ್ತಲೇ ಇರುತ್ತದೆ.

ಮೊದಲು ಹೇಳಿದ ‘ಧಡ್’ ಸದ್ದಿಗೂ ಇವುಗಳಿಗೂ ಸಂಬಂಧವಿಲ್ಲ. ಗೇರ್ ಬಿದ್ದಾಗಿದೆ, ಒದೆತ ಬರುವುದು ಕ್ಲಚ್ ಕೂಡಿಕೊಳ್ಳುವಾಗ. ಪಿಕಪ್‌ನ ಎಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ. ನಡುವೆ ಉದ್ದದ ಪ್ರೊಪೆಲ್ಲರ್ ಶಾಫ್ಟು, ಅದರ ಕ್ರಾಸ್ ಎನ್ನುವ ಕೀಲುಗಳು, ಸೆಂಟರ್ ಬೇರಿಂಗು, ಕೊನೆಗೆ ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್. ಒಂದೊಂದರಲ್ಲೂ ಕೂದಲೆಳೆಯಷ್ಟು ಸಡಿಲ ಇದ್ದರೂ ಕೂಡಿ ಕೂಡಿ ಹಿಂದಿನ ತುದಿಗೆ ದೊಡ್ಡದಾಗುತ್ತದೆ. ಎಂಜಿನ್ ಮತ್ತು ಶಾಫ್ಟಿನ ವೇಗ ಸಮವಾಗುವ ಮುನ್ನ ಕ್ಲಚ್ ಬಿಟ್ಟರೆ ಆ ಸಡಿಲವೆಲ್ಲ ಒಂದೇ ಏಟಿಗೆ ಬಿಗಿಯಾಗುತ್ತದೆ. ಗಾಡಿ ಖಾಲಿ ಇದ್ದಾಗ ಒದೆತ ಜಾಸ್ತಿ, ಅಷ್ಟೇ ಪೆಟ್ಟು ಹಗುರ ಮೈಯನ್ನು ಹೆಚ್ಚು ಜಗ್ಗುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಶಾಫ್ಟನ್ನು ಕೈಯಿಂದ ಹಿಂದೆ ಮುಂದೆ ತಿರುವಿ ನೋಡಿದರೆ ಕ್ರಾಸ್ ಸವೆದಿರುವುದು ಕೈಗೇ ಸಿಗುತ್ತದೆ.

ಇನ್ನು ಆಯಿಲ್. ಬೆಳಿಗ್ಗೆ ಚಳಿಯಲ್ಲಿ ಸೆಕೆಂಡ್ ಬಿಗಿಯಾಗಿದ್ದು ಎರಡು ಮೂರು ಕಿ.ಮೀ. ಹೋದ ಮೇಲೆ ಸಡಿಲವಾದರೆ ಗಾಬರಿ ಬೇಡ, ದಪ್ಪಗಾದ ಆಯಿಲನ್ನು ರಿಂಗಿನ ಗೆರೆಗಳು ಬೇಗ ಕತ್ತರಿಸಲಾರವು, ಅಷ್ಟೆ. ನನಗೆ ಬೇಸರ ತರಿಸುವುದು ಗೇರ್‌ಬಾಕ್ಸಿಗೂ ಹಿಂದಿನ ಡಿಫರೆನ್ಷಿಯಲ್‌ಗೂ ಒಂದೇ ಡ್ರಮ್ಮಿನ ‘90 ನಂಬರ್’ ಆಯಿಲ್ ಸುರಿಯುವ ಪದ್ಧತಿ. ಕ್ರೌನ್ ಪಿನಿಯನ್‌ನ ಹಲ್ಲುಗಳು ಒಂದರ ಮೇಲೊಂದು ಜಾರುವ ಒತ್ತಡ ಭಾರಿ, ಅದಕ್ಕೆ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚಿರುವ ಜಿಎಲ್-5 ದರ್ಜೆಯ ಆಯಿಲ್ ಬೇಕು. ಹಿತ್ತಾಳೆಗೆ ಆ ಗಂಧಕ ಒಗ್ಗುವುದಿಲ್ಲ. ಬಿಸಿಯಲ್ಲಿ ಅದನ್ನು ತಿನ್ನಬಲ್ಲದು, ಉಜ್ಜಾಟವೇ ಜೀವವಾದ ರಿಂಗನ್ನು ಜಾರುವಂತೆಯೂ ಮಾಡಬಲ್ಲದು. ಅದಕ್ಕೇ ಹಿತ್ತಾಳೆ ರಿಂಗಿನ ಬಹಳಷ್ಟು ಗೇರ್‌ಬಾಕ್ಸುಗಳಿಗೆ ಜಿಎಲ್-4 ಹೇಳಿರುತ್ತಾರೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ದರ್ಜೆ ಬರೆದಿರುತ್ತದೆ, ಅದನ್ನೇ ಹಾಕಿಸಬೇಕು.

ಹಳೆ ಆಯಿಲ್ ಇಳಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಡ್ರೇನ್ ಪ್ಲಗ್ಗಿನಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಕಪ್ಪು ಕೆಸರಿನಂತೆ ಉಕ್ಕಿನ ಪುಡಿ ಮೆತ್ತಿಕೊಂಡಿರುತ್ತದೆ, ಸ್ವಲ್ಪ ಇದ್ದರೆ ಸಹಜ. ಹಲ್ಲಿನ ಚೂರು ಸಿಕ್ಕರೆ ಗಾಡಿ ಮುಂದೆ ಓಡಿಸಬೇಡಿ. ಹಿತ್ತಾಳೆ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದು ಆಯಿಲಿನಲ್ಲೇ ಹೊಂಬಣ್ಣದ ಮಿನುಗಾಗಿ ತೇಲುತ್ತದೆ. ಮಿನುಗು ದಟ್ಟವಾಗಿದ್ದು, ಒಂದೇ ಒಂದು ಗೇರು ಕರ್ ಎನ್ನುತ್ತಿದ್ದರೆ ಆಗ ಗೇರ್‌ಬಾಕ್ಸ್ ಇಳಿಸುವುದಕ್ಕೆ ಅರ್ಥವಿದೆ. ರಿಂಗನ್ನು ಕೋನಿನ ಮೇಲೆ ಕೈಯಿಂದ ಒತ್ತಿ ಹಿಡಿದು, ರಿಂಗಿನ ಹಲ್ಲಿಗೂ ಚಕ್ರದ ಹಲ್ಲಿಗೂ ನಡುವೆ ಫೀಲರ್ ಗೇಜ್ ತೂರಿಸಿ ನೋಡುತ್ತಾರೆ. ಹೊಸದರಲ್ಲಿ ಸುಮಾರು ಒಂದು ಮಿ.ಮೀ. ಇರುವ ಆ ಸಂದು ಅರ್ಧ ಮಿ.ಮೀ.ಗೆ ಬಂದಿದ್ದರೆ ಸಾಮಾನ್ಯವಾಗಿ ರಿಂಗಿನ ಆಯಸ್ಸು ಮುಗಿದಂತೆ. ರಿಂಗಿನ ಜೊತೆ ಸ್ಲೀವಿನ ಮೊನೆಗಳನ್ನೂ, ಫೋರ್ಕಿನ ತುದಿಯನ್ನೂ ನೋಡಿಸಿ. ಓಡಿಸುವಾಗ ಲಿವರ್ ಮೇಲೆ ಕೈ ಊರಿಕೊಂಡೇ ಕೂರುವವರ ಗಾಡಿಯಲ್ಲಿ ಫೋರ್ಕ್ ಸವೆದಿರುವ ಸಾಧ್ಯತೆ ಹೆಚ್ಚು. ಬಾಕ್ಸ್ ಕೆಳಗಿರುವಾಗಲೇ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು ಮೂರನ್ನೂ ಪರೀಕ್ಷಿಸಿಬಿಟ್ಟರೆ ಇನ್ನೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ.